ಬೆಂಕಿ ಹಚ್ಚದವರಿಗೂ ಕಾಡಿನ ದಾರಿ ಮುಚ್ಚುವುದೇಕೆ?

ಪ್ರಶ್ನೆ: ನಾವು ಎಂಟು ಮಂದಿ ಸಹೋದ್ಯೋಗಿಗಳು. ಬೆಟ್ಟದ ಕಾಡಿನಲ್ಲಿ ಎರಡು ದಿನದ ಚಾರಣಕ್ಕೆ ಬಹಳ ಮೊದಲೇ ಅನುಮತಿ ಪಡೆದಿದ್ದೆವು. ಹೊರಡಲು ಮೂರು ದಿನ ಇರುವಾಗ ‘ಕಾಡ್ಗಿಚ್ಚಿನ ಅಪಾಯವಿರುವುದರಿಂದ ಪ್ರವೇಶ ನಿರ್ಬಂಧಿಸಲಾಗಿದೆ’ ಎಂಬ ಒಂದು ಸಾಲಿನ ಸಂದೇಶ ಬಂತು. ನಮ್ಮಲ್ಲಿ ಯಾರೂ ಬೀಡಿ, ಸಿಗರೇಟು ಸೇದುವವರಲ್ಲ. ಶಿಬಿರದಲ್ಲಿ ಸೌದೆ ಉರಿಸುವುದಿಲ್ಲ, ಒಂದು ಸಣ್ಣ ಗ್ಯಾಸ್ ಒಲೆ ಇದೆ ಅಷ್ಟೇ. ಹಿಂದಿನ ವಾರ ಅಲ್ಲಿ ಮಳೆಯೂ ಆಗಿದೆ. ಕಾಡಿನೊಳಗಿನ ಊರಿನವರು ಎಂದಿನಂತೆ ಓಡಾಡುತ್ತಿದ್ದಾರಂತೆ. ಬಿದಿರು ಉಜ್ಜಿಕೊಂಡೋ ಸಿಡಿಲು ಬಡಿದೋ ಹತ್ತಿಕೊಳ್ಳುವ ಬೆಂಕಿಗೆ ನಮ್ಮನ್ನು ಹೊರಗಿಟ್ಟರೆ ಏನು ಪ್ರಯೋಜನ? ಜನರಿದ್ದರೆ ಹೊಗೆ ಕಂಡ ಕೂಡಲೇ ಸುದ್ದಿಯಾದರೂ ಮುಟ್ಟುತ್ತದಲ್ಲವೇ? ಚೆಕ್‌ಪೋಸ್ಟ್ ಇಲ್ಲದ ಇನ್ನೊಂದು ಹಾದಿ ತನಗೆ ಗೊತ್ತು ಎಂದು ಗುಂಪಿನಲ್ಲೊಬ್ಬರು ಹೇಳುತ್ತಿದ್ದಾರೆ. ಬೆಳಗಿನ ಜಾವ ಹತ್ತಿ ಮಧ್ಯಾಹ್ನದೊಳಗೆ ಇಳಿದುಬಂದರೆ ತಪ್ಪೇನು?

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ತಿಂಗಳುಗಟ್ಟಲೆ ಮೊದಲೇ ಯೋಜಿಸಿದವರಿಗೆ ಒಂದು ಸಾಲಿನ ಸಂದೇಶ ಕಳಿಸಿ ಸುಮ್ಮನಾಗುವುದು ಸರಿಯಲ್ಲ. ಕಾರಣ ಹೇಳದೆ ‘ಬರಬೇಡಿ’ ಎಂದರೆ ‘ನಿಮ್ಮನ್ನು ನಂಬುವುದಿಲ್ಲ’ ಎಂದು ಕೇಳಿಸುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ನಮ್ಮಿಂದ ಕಾಡಿಗೆ ಬೆಂಕಿ ಬೀಳುತ್ತದೆಯೇ ಎಂಬುದು ಒಂದು. ಬೇರೆ ಯಾರಿಂದಲೋ ಬಿದ್ದ ಬೆಂಕಿಯಿಂದ ನಾವು ಬದುಕಿ ಬರುತ್ತೇವೆಯೇ ಎಂಬುದು ಇನ್ನೊಂದು. ನೀವು ಕೊಟ್ಟಿರುವ ವಾದಗಳೆಲ್ಲ ಮೊದಲನೆಯದಕ್ಕೆ ಸಂಬಂಧಿಸಿದವು. ಕಾಡ್ಗಿಚ್ಚು ನಿರ್ವಹಣೆಯಲ್ಲಿ ಕೆಲಸ ಮಾಡಿದ ನನ್ನನ್ನು ಹೆಚ್ಚು ಕಾಡುವುದು ಎರಡನೆಯದು.

ಮೊದಲು ಬಿದಿರಿನ ವಿಚಾರ ಮುಗಿಸೋಣ. ಗಾಳಿಗೆ ಬಿದಿರು ಮೆಳೆಗಳು ಉಜ್ಜಿಕೊಂಡು ಕಾಡು ಹತ್ತಿ ಉರಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಚೆನ್ನಾಗಿ ಒಣಗಿದ ಬಿದಿರಿನ ಸೀಳುಗಳನ್ನು ಪಟ್ಟು ಬಿಡದೆ ತಿಕ್ಕಿ, ಪುಡಿಯಾದ ನಾರಿನ ಮೇಲೆ ಕಿಡಿ ಹಿಡಿದು ಊದಿದರೆ ಬೆಂಕಿ ಬರುತ್ತದೆ ನಿಜ. ನಿಂತ ಮೆಳೆಯಲ್ಲಿ ಆ ಒತ್ತಡವೂ ಇಲ್ಲ, ಆ ಸತತ ತಿಕ್ಕಾಟವೂ ಇಲ್ಲ, ಕಿಡಿಯನ್ನು ಜತನವಾಗಿ ಹಿಡಿದುಕೊಳ್ಳುವ ಕೈಯೂ ಇಲ್ಲ. ಗಾಜಿನ ಚೂರು ಬಿಸಿಲನ್ನು ಕೂಡಿಸಿ ಬೆಂಕಿ ಹಚ್ಚುತ್ತದೆ ಎಂಬ ಮಾತೂ ಹೆಚ್ಚುಕಡಿಮೆ ಹೀಗೆಯೇ. ಸಾಧ್ಯವಿಲ್ಲ ಎನ್ನಲಾರೆ, ತೀರಾ ಅಪರೂಪ.

ಬೆಂಕಿ ಎಲ್ಲಿ ಹುಟ್ಟಿತು ಎಂದು ಹುಡುಕುವುದೇ ಒಂದು ಕಸುಬು. ಸುಟ್ಟ ನೆಲ ಮೇಲ್ನೋಟಕ್ಕೆ ಒಂದೇ ಕಪ್ಪು. ಬಗ್ಗಿ ಕೂತು ನೋಡಿದರೆ ಅದು ಓದಲು ಬರುತ್ತದೆ. ಕಲ್ಲಿನ ಒಂದು ಮಗ್ಗುಲು ಕಮರಿ, ಇನ್ನೊಂದು ಮಗ್ಗುಲಿನ ಬುಡದಲ್ಲಿ ಬೆರಳುದ್ದದ ಹುಲ್ಲು ಹಳದಿಯಾಗಿಯೇ ಉಳಿದಿರುತ್ತದೆ. ಬೆಂಕಿ ಬಂದದ್ದು ಕಮರಿದ ಕಡೆಯಿಂದ. ಗಾಳಿಯ ಜೊತೆ ಓಡಿದ ಬೆಂಕಿ ಮರದ ಕಾಂಡವನ್ನು ತಾನು ಬಂದ ಬದಿಗಿಂತ ಅದರ ಹಿಂಬದಿಯಲ್ಲಿ ಎತ್ತರಕ್ಕೆ ಸುಟ್ಟಿರುತ್ತದೆ. ಇಂಥ ಗುರುತುಗಳನ್ನು ಒಂದೊಂದಾಗಿ ಕೂಡಿಸುತ್ತ ಹಿಂದಕ್ಕೆ ನಡೆದರೆ ಸುಟ್ಟ ಪ್ರದೇಶ ಕಿರಿದಾಗುತ್ತ ಬಂದು ಕೊನೆಗೆ ಒಂದು ಚಾಪೆಯಷ್ಟು ಜಾಗಕ್ಕೆ ನಿಲ್ಲುತ್ತದೆ. ಆ ಜಾಗ ಬಿದಿರು ಮೆಳೆಯ ನಡುವೆ ಇರುವುದಿಲ್ಲ. ರಸ್ತೆಯ ಅಂಚು, ಕಾಲುದಾರಿಯ ತಿರುವು, ಹೊಲದ ಬದು, ಮೂರು ಕಲ್ಲಿನ ಒಲೆ, ವಿದ್ಯುತ್ ತಂತಿಯ ಕೆಳಗು, ಬಹುಪಾಲು ಇಂಥ ಕಡೆಯೇ ಇರುತ್ತದೆ.

ಅಂಕಿ ಅಂಶವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ 1992ರಿಂದ 2012ರವರೆಗಿನ ಕಾಡ್ಗಿಚ್ಚುಗಳ ದಾಖಲೆ ಪರಿಶೀಲಿಸಿದಾಗ ಶೇ. 84ರಷ್ಟು ಮನುಷ್ಯರಿಂದ ಹುಟ್ಟಿದವು ಎಂದು ಕಂಡುಬಂತು. ಭಾರತದಲ್ಲಿ ಸಾಮಾನ್ಯವಾಗಿ ಉಲ್ಲೇಖಿಸುವ ಅಂದಾಜು ಶೇ. 95ರ ಆಸುಪಾಸಿನಲ್ಲಿದೆ. ಸಿಡಿಲು ಮಾತ್ರ ಕಟ್ಟುಕತೆಯಲ್ಲ. 2020ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಳೆಯಿಲ್ಲದ ಒಣ ಸಿಡಿಲು ನೂರಾರು ಕಡೆ ಬೆಂಕಿ ಹಚ್ಚಿತು. ಕೆನಡಾದ ಉತ್ತರದ ಕಾಡುಗಳಲ್ಲಿ ಸುಟ್ಟುಹೋಗುವ ಪ್ರದೇಶದ ದೊಡ್ಡ ಪಾಲು ಸಿಡಿಲಿನದೇ, ಏಕೆಂದರೆ ಅಲ್ಲಿ ಜನ ಬೇಗ ತಲುಪಲಾಗದು. ಮಳೆಯನ್ನು ಜೊತೆಗೇ ತರುವ ಗುಡುಗು ಸಿಡಿಲಿನ ನಾಡುಗಳಲ್ಲಿ ಅದರ ಪಾತ್ರ ಕಡಿಮೆ.

ಇನ್ನು, ‘ನಾವು ಬೆಂಕಿ ಹಾಕುವುದಿಲ್ಲ’ ಎಂಬ ಮಾತು. ನಂಬುತ್ತೇನೆ. ಆದರೆ ದೊಡ್ಡ ಬೆಂಕಿಗಳ ಮೂಲ ಹುಡುಕಿದಾಗ ಸಿಗುವುದು ಹೆಚ್ಚಾಗಿ ಕೆಟ್ಟ ಉದ್ದೇಶವಲ್ಲ. 2018ರ ಜುಲೈನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಒಂದು ವಾಹನ ಎಳೆದುಕೊಂಡು ಹೋಗುತ್ತಿದ್ದ ಟ್ರೇಲರ್‌ನ ಟೈರ್ ಗಾಳಿ ಹೋಯಿತು. ಚಕ್ರದ ಲೋಹ ಡಾಂಬರಿಗೆ ಉಜ್ಜಿ ಹಾರಿದ ಕಿಡಿಯಿಂದ ಹುಟ್ಟಿದ ‘ಕಾರ್ (Carr) ಫೈರ್’ ರೆಡ್ಡಿಂಗ್ ನಗರದ ಬಡಾವಣೆಗಳನ್ನೇ ಹೊಕ್ಕು ಜೀವಗಳನ್ನು ತೆಗೆದುಕೊಂಡಿತು. 2020ರ ಸೆಪ್ಟೆಂಬರ್‌ನಲ್ಲಿ ಅದೇ ರಾಜ್ಯದ ಒಂದು ಕುಟುಂಬ ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಘೋಷಿಸಲು ಬಣ್ಣದ ಹೊಗೆಯ ಪಟಾಕಿ ಹಚ್ಚಿತು. ಅದರಿಂದೆದ್ದ ‘ಎಲ್ ಡೊರಾಡೊ’ ಬೆಂಕಿಯಲ್ಲಿ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಸತ್ತರು. ಕಾರಿನ ಹೊಗೆ ಕೊಳವೆಯಲ್ಲಿರುವ ಶುದ್ಧೀಕರಣ ಡಬ್ಬಿ ನೂರಾರು ಡಿಗ್ರಿಗೆ ಕಾಯುತ್ತದೆ. ಮೊಣಕಾಲೆತ್ತರದ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಬೆಟ್ಟ ಹತ್ತಿದವರಿಗೆ ತಾವು ಬಿಟ್ಟುಬಂದದ್ದೇನು ಎಂಬುದು ಗೊತ್ತೇ ಇರುವುದಿಲ್ಲ. ನಿಮ್ಮ ಗ್ಯಾಸ್ ಒಲೆ ಸೌದೆ ಬೆಂಕಿಗಿಂತ ಎಷ್ಟೋ ಮೇಲು. ಆದರೂ ಅದು ಓರೆ ನೆಲದಲ್ಲಿ ಮಗುಚಿಕೊಳ್ಳುವ ವಸ್ತುವೇ.

ಮಳೆಯ ಲೆಕ್ಕದಲ್ಲಿ ಬಹಳಷ್ಟು ಮಂದಿ ಎಡವುತ್ತಾರೆ. ಕಾಡಿನ ಒಣ ಇಂಧನವನ್ನು ಈ ಕಸುಬಿನವರು ಗಂಟೆಗಳಲ್ಲಿ ಅಳೆಯುತ್ತಾರೆ. ಸುಮಾರು 6 ಮಿಲಿಮೀಟರ್‌ಗಿಂತ ತೆಳುವಾದ ಹುಲ್ಲು, ತರಗೆಲೆ, ಪುರಳೆ ‘ಒಂದು ಗಂಟೆಯ ಇಂಧನ’. ಸುತ್ತಲಿನ ಗಾಳಿ ಒಣಗಿದರೆ ಗಂಟೆಯೊಂದರಲ್ಲೇ ಅದೂ ಒಣಗಲು ತೊಡಗುತ್ತದೆ. ಬಿದ್ದ ದೊಡ್ಡ ದಿಮ್ಮಿಗಳು ‘ಸಾವಿರ ಗಂಟೆಯ ಇಂಧನ’, ಅವು ಒಣಗಲು ವಾರಗಳೇ ಬೇಕು. ಒಲೆ ಹೊತ್ತಿಸುವಾಗ ಮೊದಲು ಹಿಡಿಯುವುದು ಪುರಳೆಯೇ ಹೊರತು ಕೊರಡಲ್ಲ, ಕಾಡಿನಲ್ಲೂ ಹಾಗೆಯೇ. ಹಿಂದಿನ ವಾರದ ಮಳೆ ದಿಮ್ಮಿಯೊಳಗೆ ಇನ್ನೂ ಇರಬಹುದು, ನಿಮ್ಮ ಬೂಟಿನ ಕೆಳಗಿನ ಎಲೆಯಲ್ಲಿ ಇಲ್ಲ. ಬಿಸಿಲೇರಿದ ಹೊತ್ತಿನಲ್ಲಿ ಒಂದು ಹಿಡಿ ತರಗೆಲೆಯನ್ನು ಮುಷ್ಟಿಯಲ್ಲಿ ಹಿಸುಕಿ. ಮೆತ್ತಗೆ ಮಡಚಿಕೊಂಡು ಬೆರಳಿಗೆ ತಂಪು ತಾಗಿದರೆ ಒಂದು ಮಾತು. ಚರಚರ ಮುರಿದು, ಕೈ ಬಿಚ್ಚಿದಾಗ ಪುಡಿಯಾಗಿ ಗಾಳಿಗೆ ಹಾರಿದರೆ ಆ ನೆಲ ಒಂದು ಕಿಡಿಗೆ ಸಿದ್ಧವಾಗಿದೆ ಎಂದು ತಿಳಿಯಿರಿ. ಸಿಗರೇಟಿನ ತುಂಡು ಎಲ್ಲ ದಿನವೂ ಬೆಂಕಿ ಹಚ್ಚುವುದಿಲ್ಲ. ಗಾಳಿಯ ತೇವಾಂಶ ಶೇ. 25ರ ಸುತ್ತಮುತ್ತ ಅಥವಾ ಅದಕ್ಕೂ ಕೆಳಗೆ ಇಳಿದ ದಿನ, ಇಂಥ ಪುಡಿಯಾಗುವ ಎಲೆಯ ಮೇಲೆ ಬಿದ್ದಾಗ ಹಚ್ಚುತ್ತದೆ. ನಿರ್ಬಂಧ ಹೇರುವವರು ನೋಡುವುದು ಇಂಥ ದಿನಗಳನ್ನು. ಕೆನಡಾದಲ್ಲಿ ರೂಪುಗೊಂಡು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಬೆಂಕಿ-ಹವಾಮಾನ ಸೂಚ್ಯಂಕಕ್ಕೆ ಬೇಕಾಗುವುದು ನಾಲ್ಕೇ ಸಂಗತಿ: ನಡುಹಗಲಿನ ಉಷ್ಣಾಂಶ, ತೇವಾಂಶ, ಗಾಳಿಯ ವೇಗ, ಹಿಂದಿನ 24 ಗಂಟೆಯ ಮಳೆ.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಈ ಉತ್ತರ ಬರೆಯಲು ಕೂತದ್ದೇ ಇದಕ್ಕಾಗಿ.

ಬೆಂಕಿ ಏರಿನಲ್ಲಿ ಓಡುವಷ್ಟು ವೇಗವಾಗಿ ಮನುಷ್ಯ ಓಡಲಾರ. ಸಮತಟ್ಟು ನೆಲದಲ್ಲಿ ಜ್ವಾಲೆ ನೆಟ್ಟಗೆ ಏಳುತ್ತದೆ, ಇಳಿಜಾರಿನಲ್ಲಿ ಮೇಲಿನ ಹುಲ್ಲಿನ ಮೇಲೆ ಬಾಗುತ್ತದೆ. ಮುಟ್ಟುವ ಮೊದಲೇ ಅದನ್ನು ಕಾಯಿಸಿ ಒಣಗಿಸಿಟ್ಟಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದಂತೆಲ್ಲ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದ ಸ್ಥೂಲ ಲೆಕ್ಕ. ಅಂದರೆ ನೀವು ಏದುಸಿರು ಬಿಡುತ್ತ ನಿಧಾನವಾಗುವ ಜಾಗದಲ್ಲೇ ಅದು ಚುರುಕಾಗುತ್ತದೆ. ಹಗಲಿನಲ್ಲಿ ಕಣಿವೆಯ ಗಾಳಿಯೂ ಮೇಲ್ಮುಖವಾಗಿ ಬೀಸುವುದರಿಂದ ಅದೂ ಬೆಂಕಿಯ ಪಕ್ಷವೇ. 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಎಂಬ ಕಡಿದಾದ ಹುಲ್ಲಿನ ಕಣಿವೆಯಲ್ಲಿ 13 ಮಂದಿ ಸತ್ತರು. ಅವರು ದಾರಿ ತಪ್ಪಿದ ಪ್ರವಾಸಿಗರಾಗಿರಲಿಲ್ಲ, ಕಾಡ್ಗಿಚ್ಚು ನಂದಿಸಲೆಂದೇ ತರಬೇತಾದ ಗಟ್ಟಿಮುಟ್ಟಾದ ಯುವಕರು. ಎಲ್ಲರೂ ಏರಿನತ್ತ ಓಡಿದರು. ತಂಡದ ಮುಂದಾಳು ವ್ಯಾಗ್ ಡಾಡ್ಜ್ ಓಟ ನಿಲ್ಲಿಸಿ, ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿಯಿಟ್ಟು, ಸುಟ್ಟು ಬರಿದಾದ ಬೂದಿಯ ಮೇಲೆ ಮಲಗಿ ಬದುಕಿಕೊಂಡರು.

ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ನಡೆದದ್ದು ನಿಮಗೆ ನೆನಪಿರಬಹುದು. ವಾರಾಂತ್ಯದ ಚಾರಣಕ್ಕೆ ಬಂದವರು ಬೆಟ್ಟದ ಒಣ ಹುಲ್ಲಿನ ನಡುವೆ ಇಳಿಯುತ್ತಿದ್ದಾಗ ಬೆಂಕಿ ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲೂ ಹೆಚ್ಚಿನವರು ನಿಮ್ಮ ಹಾಗೆಯೇ ಕೆಲಸಕ್ಕೆ ಹೋಗುವ, ಕಾಡನ್ನು ಪ್ರೀತಿಸುವ ಯುವಜನರು. ಬೀಡಿ ಸೇದುವುದಿಲ್ಲ, ಸೌದೆ ಉರಿಸುವುದಿಲ್ಲ ಎಂಬ ಎಚ್ಚರ ಇಂಥ ಹೊತ್ತಿನಲ್ಲಿ ಯಾರನ್ನೂ ಕಾಯುವುದಿಲ್ಲ.

ಹಾಗಾಗಿ ‘ಬೆಳಗಿನ ಜಾವ ಹೋಗಿ ಬೇಗ ಬಂದರೆ?’ ಎಂಬ ಪ್ರಶ್ನೆಗೆ ಅರ್ಧ ಸಮ್ಮತಿ ಮಾತ್ರ. ರಾತ್ರಿ ತೇವಾಂಶ ಏರುತ್ತದೆ, ಬೆಳಗಿನ ಹೊತ್ತು ಬೆಂಕಿ ಮಂದವಾಗಿರುತ್ತದೆ, ಅದು ಅತಿ ಹೆಚ್ಚು ಉಗ್ರವಾಗುವುದು ಮಧ್ಯಾಹ್ನ ಎರಡರಿಂದ ಸಂಜೆಯ ನಡುವೆ. ದಾರಿ ತೆರೆದಿರುವ ದಿನಗಳಲ್ಲಿ ಬೆಳಗ್ಗೆ ಹೋಗಿ ಎಂದು ನಾನೇ ಹೇಳುತ್ತೇನೆ. ಆದರೆ ಗುಂಪುಗಳು ಅಂದುಕೊಂಡ ಹೊತ್ತಿಗೆ ಇಳಿಯುವುದು ಅಪರೂಪ. ಒಬ್ಬರ ಕಾಲು ಉಳುಕುತ್ತದೆ, ಇನ್ನೊಬ್ಬರಿಗೆ ನೀರು ಮುಗಿಯುತ್ತದೆ, ನೆತ್ತಿಯ ಮೇಲೆ ಫೋಟೊ ತೆಗೆಯುತ್ತ ಗಂಟೆ ಕಳೆಯುತ್ತದೆ. ಹನ್ನೆರಡಕ್ಕೆ ಇಳಿಯಬೇಕಾದವರು ಮೂರಕ್ಕೆ ಅದೇ ಇಳಿಜಾರಿನಲ್ಲಿರುತ್ತಾರೆ.

ಊರಿನವರಿಗೇಕೆ ಅವಕಾಶ, ನಮಗೇಕಿಲ್ಲ? ಅವರು ಅಲ್ಲಿ ಬದುಕುತ್ತಿದ್ದಾರೆ. ದನ, ತೋಟ, ಶಾಲೆ, ಆಸ್ಪತ್ರೆ ಎಲ್ಲಕ್ಕೂ ಅದೇ ದಾರಿ. ಎಲ್ಲಿ ಬರಿ ಬಂಡೆಯಿದೆ, ಯಾವ ಹಳ್ಳದಲ್ಲಿ ಇನ್ನೂ ನೀರಿದೆ ಎಂಬುದು ಅವರಿಗೆ ಗೊತ್ತು. ಬೆಂಕಿ ಬಿದ್ದಾಗ ಹಸಿ ಸೊಪ್ಪು ಹಿಡಿದು ಮೊದಲು ಓಡುವವರೂ ಬಹುಪಾಲು ಅವರೇ. ಮೇವಿಗೆ, ಅರಣ್ಯ ಕಿರು ಉತ್ಪನ್ನಕ್ಕೆ, ಹೊಲ ಹಸನು ಮಾಡಲು ಹಚ್ಚಿದ ಬೆಂಕಿ ಕೈಮೀರಿ ಕಾಡಿಗೆ ನುಗ್ಗುವುದೂ ಸುಳ್ಳಲ್ಲ. ಆದರೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಾಡಿನ ಜನರ ಎಲ್ಲ ಬೆಂಕಿಯನ್ನೂ ಅಪರಾಧವೆಂದು ಕಂಡ ನೀತಿಯಿಂದ ಕಾಡಿಗೆ ನಷ್ಟವೇ ಆಗಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತೇವ ಇರುವಾಗ, ಮಂದವಾದ ‘ತರಗು ಬೆಂಕಿ’ ಹಾಕುತ್ತಿದ್ದರು. ತರಗು ಸುಟ್ಟುಹೋಗುತ್ತಿತ್ತು, ಮರಕ್ಕೆ ಪೆಟ್ಟಾಗುತ್ತಿರಲಿಲ್ಲ. ಅದು ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬದನಿಕೆ ಹತ್ತಿತು, ಈಗ ಬೆಂಕಿ ಬಿದ್ದರೆ ತಡೆಯಲಾಗದು ಎಂದು ಅವರು ಹೇಳುತ್ತ ಬಂದಿದ್ದಾರೆ. ಅಮೆರಿಕದಲ್ಲೂ 1935ರಲ್ಲಿ, ಕಂಡ ಪ್ರತಿ ಬೆಂಕಿಯನ್ನು ಮರುದಿನ ಬೆಳಗ್ಗೆ ಹತ್ತರೊಳಗೆ ಹತೋಟಿಗೆ ತರಬೇಕು ಎಂಬ ನಿಯಮ ಬಂತು. ದಶಕಗಳ ಕಾಲ ಸುಡದೆ ಉಳಿದ ಇಂಧನವೆಲ್ಲ ಕಾಡಿನಲ್ಲೇ ಕೂಡಿಕೊಂಡಿತು. ಇಂಧನ ಕಡಿಮೆ ಮಾಡುವ ಕೆಲಸ ಬಿಟ್ಟು ಬರೀ ಪ್ರವಾಸಿಗರನ್ನು ತಡೆದರೆ ಕಾಡ್ಗಿಚ್ಚು ನಿಲ್ಲುವುದಿಲ್ಲ. ಚಳಿಗಾಲದಲ್ಲೇ ಬೆಂಕಿ ರೇಖೆ (ಬೆಂಕಿ ದಾಟದಂತೆ ಬರಿದು ಮಾಡಿದ ಪಟ್ಟಿ) ಸವರಬೇಕು, ದಾರಿಯ ಇಕ್ಕೆಲದ ಹುಲ್ಲು ತೆಗೆಯಬೇಕು, ಸ್ಥಳೀಯರನ್ನು ಬೆಂಕಿ ಕಾವಲಿಗೆ ಸಕಾಲಕ್ಕೆ ಸಂಬಳ ಕೊಟ್ಟು ನೇಮಿಸಬೇಕು. ಇದನ್ನು ಮಾಡದ ಅರಣ್ಯ ಕಚೇರಿ ದಾರಿ ಮುಚ್ಚಿ ಕರ್ತವ್ಯ ಮುಗಿಯಿತು ಎಂದುಕೊಂಡರೆ ನಿಮಗಿಂತ ಮೊದಲು ಪ್ರಶ್ನಿಸುವವನು ನಾನು.

ಜನರಿದ್ದರೆ ಸುದ್ದಿ ಬೇಗ ಮುಟ್ಟುತ್ತದೆ ಎಂಬ ನಿಮ್ಮ ವಾದದಲ್ಲಿ ಹುರುಳಿದೆ. ಉಪಗ್ರಹ ದಿನಕ್ಕೆ ಕೆಲವೇ ಬಾರಿ ಹಾದುಹೋಗುತ್ತದೆ. ಅದು ನೋಡುವ ಒಂದು ಚೌಕದ ಅಗಲ ನೂರಾರು ಮೀಟರ್, ಒಲೆಯಷ್ಟು ಬೆಂಕಿ ಅದಕ್ಕೆ ಕಾಣುವುದು ಕಷ್ಟ. ಕಣ್ಣಿದ್ದವರು ಹೊಗೆ ಕಂಡು ಫೋನ್ ಮಾಡಿದ್ದರಿಂದ ಉಳಿದ ಕಾಡುಗಳಿವೆ. ಅಪಾಯ ಸಾಧಾರಣವಾಗಿರುವ ದಿನ ಈ ವಾದ ಗೆಲ್ಲುತ್ತದೆ. ಅತಿ ಒಣ, ಗಾಳಿಯ ದಿನ ಲೆಕ್ಕ ತಿರುಗುತ್ತದೆ. 2017ರ ಸೆಪ್ಟೆಂಬರ್ 2ರಂದು ಅಮೆರಿಕದ ಒರೆಗಾನ್‌ನ ಈಗಲ್ ಕ್ರೀಕ್ ಕಣಿವೆಗೆ ಹದಿನೈದು ವರ್ಷದ ಹುಡುಗನೊಬ್ಬ ಪಟಾಕಿ ಎಸೆದ. ಆಗ ಆ ಹಾದಿಯಲ್ಲಿದ್ದ ಸುಮಾರು 150 ಚಾರಣಿಗರು ಹಿಂದಿರುಗಲಾಗದೆ ಇಡೀ ರಾತ್ರಿ ಸಿಕ್ಕಿಬಿದ್ದರು, ಮರುದಿನ ಬೇರೆ ದಾರಿಯಲ್ಲಿ ನಡೆಸಿ ಅವರನ್ನು ಹೊರತರಬೇಕಾಯಿತು. ಕಾಡಿನಲ್ಲಿ ಜನರಿದ್ದಾರೆ ಎಂದು ಗೊತ್ತಾದ ಕ್ಷಣವೇ ತಂಡದ ಕೆಲಸ ಬದಲಾಗುತ್ತದೆ. ಬೆಂಕಿಯನ್ನು ಅದು ಚಿಕ್ಕದಾಗಿರುವಾಗಲೇ ಹಿಡಿಯಬೇಕಾದ ಕೈಗಳು ನಿಮ್ಮನ್ನು ಹುಡುಕಲು ಹೋಗುತ್ತವೆ. ಎದುರು ಬೆಂಕಿ ಹಾಕಿ, ಅಂದರೆ ಬರುವ ಬೆಂಕಿಯ ಮುಂದಿನ ಇಂಧನವನ್ನು ಮೊದಲೇ ಸುಟ್ಟು, ತಡೆಯೋಣವೆಂದರೆ ನಡುವೆ ಯಾರಾದರೂ ಇದ್ದಾರೋ ಏನೋ ಎಂದು ಕೈ ಹಿಂಜರಿಯುತ್ತದೆ.

ಚೆಕ್‌ಪೋಸ್ಟ್ ಇಲ್ಲದ ಹಾದಿಯ ಬಗ್ಗೆ ನನ್ನ ಕಠಿಣವಾದ ಮಾತು ಇದೇ ಕಾರಣಕ್ಕೆ. ದಂಡ, ಮೊಕದ್ದಮೆ ಇದ್ದೇ ಇವೆ. 2025ರ ಆಗಸ್ಟ್‌ನಲ್ಲಿ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯ ಕಾಡಿಗೆ ಕಾಲಿಡುವುದನ್ನೇ ನಿಷೇಧಿಸಿ 25,000 ಡಾಲರ್ ದಂಡ ಗೊತ್ತುಮಾಡಿತ್ತು. ನನ್ನ ಚಿಂತೆ ದಂಡದ್ದಲ್ಲ. ಚೆಕ್‌ಪೋಸ್ಟಿನ ಪುಸ್ತಕದಲ್ಲಿ ಹೆಸರು ಬರೆದು ಹೋದವರು ಒಳಗಿದ್ದಾರೆಂದು ಯಾರಿಗಾದರೂ ಗೊತ್ತಿರುತ್ತದೆ. ಕಳ್ಳದಾರಿಯಲ್ಲಿ ಹೋದ ಎಂಟು ಮಂದಿಯನ್ನು ಯಾರೂ ಹುಡುಕುವುದಿಲ್ಲ, ಅವರಿರುವ ಕಡೆಗೇ ಎದುರು ಬೆಂಕಿ ಬರಬಹುದು. ಆ ಗೆಳೆಯರಿಗೆ ದಯವಿಟ್ಟು ಇದನ್ನು ಓದಿಸಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ಮುಂದೂಡುವುದು ಎಲ್ಲಕ್ಕಿಂತ ಒಳ್ಳೆಯದು. ಅನುಮತಿಯನ್ನು ಬೇರೆ ದಿನಾಂಕಕ್ಕೆ ಬದಲಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ, ದಾರಿ ಮುಚ್ಚಿದ್ದು ಅರಣ್ಯ ಕಚೇರಿಯೇ ಆದ್ದರಿಂದ ಅದನ್ನು ಕೇಳುವ ಹಕ್ಕು ನಿಮಗಿದೆ ಎಂದೇ ನನ್ನ ಭಾವನೆ. ಒಳ್ಳೆಯ ಮಳೆ ಎರಡು ಮೂರು ಸಲ ಬಿದ್ದ ಮೇಲಿನ ದಿನ ಆರಿಸಿಕೊಳ್ಳಿ. ರಜೆ ಹಾಳಾಗಬಾರದು ಎನ್ನುವುದಾದರೆ ನದಿ ತೀರದ, ನಿತ್ಯಹಸಿರು ನೆರಳಿನ, ವಾಹನ ಹತ್ತಿರಕ್ಕೆ ಬರುವ, ಎರಡು ಕಡೆಯಿಂದ ಹೊರಬರಲು ದಾರಿಯಿರುವ ತೆರೆದ ಜಾಗಕ್ಕೆ ಹೋಗಬಹುದು. ಇದರಲ್ಲೂ ಒಂದು ತೊಂದರೆಯಿದೆ. ಒಂದು ಕಾಡು ಮುಚ್ಚಿದಾಗ ಎಲ್ಲರೂ ಪಕ್ಕದ ಕಾಡಿಗೆ ನುಗ್ಗುತ್ತಾರೆ, ಅಲ್ಲಿನ ಅಪಾಯ ಏರುತ್ತದೆ. ಹೊರಡುವ ಮೊದಲು ಅಲ್ಲಿನ ಸ್ಥಿತಿಯನ್ನೂ ವಿಚಾರಿಸಿ. ಮಾರ್ಗದರ್ಶಕರ ಜೊತೆ ಹೋಗುವ ವಿಶೇಷ ಅನುಮತಿ ಕೆಲವೆಡೆ ಉಂಟು. ಆ ಮಾರ್ಗದರ್ಶಕರು ಇಲಾಖೆಯ ಜೊತೆ ನೇರ ಸಂಪರ್ಕದಲ್ಲಿದ್ದು, ‘ಬೆಂಕಿ ಬಂದರೆ ಎಲ್ಲಿಗೆ ಹೋಗೋಣ?’ ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟರೆ ಒಪ್ಪಬಹುದು. ‘ಏನೂ ಆಗುವುದಿಲ್ಲ ಬನ್ನಿ’ ಎನ್ನುವವರ ಜೊತೆ ಹೋಗಬೇಡಿ.

ಆ ಅರಣ್ಯ ಕಚೇರಿಯ ಮುಂದೆ ನೀವು ಇಡಬಹುದಾದ ಒಂದು ಬೇಡಿಕೆಯೂ ಇದೆ. ದಕ್ಷಿಣ ಫ್ರಾನ್ಸಿನ ಮಾರ್ಸೇಯ್ ಬಳಿಯ ಕಲಾಂಕ್ ಬೆಟ್ಟಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವೇಶ ಆಯಾ ದಿನದ ಅಪಾಯಕ್ಕೆ ತಕ್ಕಂತೆ ನಿರ್ಧಾರವಾಗುತ್ತದೆ. ಮರುದಿನದ ಬಣ್ಣವನ್ನು ಹಿಂದಿನ ಸಂಜೆಯೇ ಪ್ರಕಟಿಸುತ್ತಾರೆ, ಕೆಂಪಿದ್ದರೆ ದಾರಿ ಬಂದ್. ಇಡೀ ಋತುವಿಗೆ ಬೀಗ ಜಡಿಯುವುದಕ್ಕಿಂತ ಇದು ನ್ಯಾಯ. ಇದಕ್ಕೆ ಹವಾಮಾನ ಮಾಪಕಗಳು, ನಿತ್ಯ ಲೆಕ್ಕ ಹಾಕುವ ಜನ ಬೇಕು. ಅವಿಲ್ಲದ ಕಡೆ ಕ್ಯಾಲೆಂಡರ್ ನೋಡಿ ಮುಚ್ಚುತ್ತಾರೆ. ಅದು ಒರಟು ಉಪಾಯವೇ, ಆದರೂ ಸದ್ಯಕ್ಕೆ ಪಾಲಿಸಲೇಬೇಕಾದ ಉಪಾಯ.

ತೆರೆದ ದಾರಿಯಲ್ಲೂ ಹೊಗೆ ಎದುರಾಗಬಹುದು, ಅದಕ್ಕಾಗಿ ಇಷ್ಟು ತಿಳಿದಿರಲಿ. ಏರಿನತ್ತ ಓಡಬೇಡಿ, ಕಿರಿದಾದ ಕೊರಕಲಿಗೆ ಇಳಿಯಬೇಡಿ, ಅದು ಹೊಗೆ ಕೊಳವೆಯಾಗುತ್ತದೆ. ಗಾಳಿಯ ದಿಕ್ಕು ನೋಡಿ ಬೆಂಕಿಗೆ ಅಡ್ಡಲಾಗಿ, ಪಕ್ಕಕ್ಕೆ ಸರಿದು ಕೆಳಗಿಳಿಯಲು ನೋಡಿ. ಬರಿ ಬಂಡೆ, ನೀರು, ಅಗಲವಾದ ರಸ್ತೆ, ಇಲ್ಲವೇ ಈಗಾಗಲೇ ಸುಟ್ಟು ತಣಿದ ನೆಲ, ಇವು ಆಸರೆ. ಹತ್ತಿ ಬಟ್ಟೆಯಿಂದ ಮೈ ಮುಚ್ಚಿಕೊಳ್ಳಿ. ಚಾರಣದ ಹೆಸರಿನಲ್ಲಿ ಮಾರುವ ಸಿಂಥೆಟಿಕ್ ಅಂಗಿಗಳು ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಗುಂಪು ಚದುರದಿರಲಿ. ಇರುವ ಜಾಗವನ್ನು ಫೋನಿನಲ್ಲಿ ತಿಳಿಸುವ ಕೆಲಸ ಒಬ್ಬರೇ ಮಾಡಲಿ, ಉಳಿದವರು ಫೋನ್ ಆರಿಸಿ ಬ್ಯಾಟರಿ ಉಳಿಸಲಿ.

ನಿಮ್ಮ ಕಾಡಿನಲ್ಲಿ ಈ ಸಲ ನಿಜಕ್ಕೂ ಬೆಂಕಿ ಬಿದ್ದರೆ, ದಾರಿ ತೆರೆದ ಮೊದಲ ದಿನವೇ ಓಡಬೇಡಿ. ಬೇರು ಸುಟ್ಟ ಮರ ಗಾಳಿಯಿಲ್ಲದೆಯೂ ಉರುಳುತ್ತದೆ. ಹಳೆಯ ಬೊಡ್ಡೆ ಒಳಗೊಳಗೇ ಉರಿದ ಜಾಗದಲ್ಲಿ ಮೇಲೆ ತೆಳುವಾದ ಬೂದಿ, ಕೆಳಗೆ ಮೊಣಕಾಲುದ್ದದ ಕೆಂಡದ ಗುಂಡಿ ಇರಬಹುದು. ಹುಲ್ಲಿನ ಹಿಡಿತ ಕಳೆದುಕೊಂಡ ಇಳಿಜಾರು ಮೊದಲ ಜೋರು ಮಳೆಗೆ ಜಾರುತ್ತದೆ. ದಿನಾಂಕ ಬದಲಿಸಲು ಕಚೇರಿಗೆ ಬರೆಯುವಾಗ, ಹಾದಿಯನ್ನು ಬೆಂಕಿಯ ನಂತರ ಯಾರಾದರೂ ಪೂರ್ತಿ ನಡೆದು ಪರೀಕ್ಷಿಸಿದ್ದಾರೆಯೇ ಎಂಬ ಪ್ರಶ್ನೆಯನ್ನೂ ಅದೇ ಪತ್ರದಲ್ಲಿ ಸೇರಿಸಿ.